ಎತ್ತಿಗೆ ಜ್ವರ, ಎಮ್ಮೆಗೆ ಬರೆ: 1/35 ಟಿ-55 ಟ್ಯಾಂಕ್ ಮಾದರಿಯಲ್ಲಿ ಸೂಕ್ಷ್ಮ ಕೆಲಸ ಕೆಟ್ಟಾಗ ಏನು ನೋಡಬೇಕು

ನನ್ನ ಮೇಜಿನ ಮೇಲೆ ಈಗ ಪ್ಲಾಸ್ಟಿಕ್ ಕಿಟ್‌ನಿಂದ ಕಟ್ಟಿದ, ಸೋವಿಯತ್ ಮೂಲದ ಮೂರು ಟಿ-55 ಟ್ಯಾಂಕ್‌ಗಳಿವೆ. ಒಂದು ಮುಗಿದಿದೆ. ಒಂದು ಪೂರ್ತಿ ಹಾಳಾಗಿದೆ, ಈಗ ಬಿಡಿಭಾಗಗಳ ಡಬ್ಬಿಗೆ ಅನ್ನ ಹಾಕುತ್ತಿದೆ. ಮೂರನೆಯದು ಹಾಳಾಗಿ, ರಿಪೇರಿಯಾಗಿ, ಮತ್ತೆ ಎದ್ದು ನಿಂತದ್ದು. ಇಲ್ಲಿ ಬರೆದಿರುವ ಮುಕ್ಕಾಲು ಪಾಲು ಪಾಠ ಆ ಮೂರನೆಯದರದ್ದು.

ಮಾದರಿ ಕಟ್ಟುವವರಿಗೆ ಒಂದು ಕೆಟ್ಟ ಚಾಳಿ ಇದೆ. ನನಗೂ ಇದೆ. ಏನಾದರೂ ಕೆಟ್ಟಿತು ಅಂದ ಕೂಡಲೇ ಇನ್ನೊಂದು ಬಾಟಲಿಗೆ ಕೈ ಹಾಕುತ್ತೇವೆ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಸುತ್ತ ಬೆಳ್ಳಗಾಯಿತಾ? ಮೇಲೊಂದು ಹೊಳಪಿಲ್ಲದ ಮ್ಯಾಟ್ ಕೋಟ್. ಹಿತ್ತಾಳೆ ತುಂಡು ಬಿತ್ತಾ? ಇನ್ನೊಂದು ಹನಿ ಅಂಟು. ಟ್ಯಾಂಕ್ ಆಟಿಕೆ ತರಹ ಕಾಣುತ್ತಿದೆಯಾ? ಇನ್ನಷ್ಟು ತುಕ್ಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ತಪ್ಪು ಕಾಣಿಸುವ ಜಾಗ ಒಂದು, ತಪ್ಪು ಆದ ಜಾಗ ಇನ್ನೊಂದು. ಹೆಚ್ಚಿನ ಸಲ ಅದು ಒಂದೆರಡು ಹಂತ ಹಿಂದೆ ಇರುತ್ತದೆ.

ಹಾಗಾಗಿ ಬಾಟಲಿ ಮುಚ್ಚಿಡಿ. ಮೊದಲು ನಾಲ್ಕು ಪುಕ್ಕಟೆ ಪರೀಕ್ಷೆ ಮಾಡಿ. ಮೊಬೈಲ್‌ನಲ್ಲಿ ಹತ್ತಿರದಿಂದ ಫೋಟೋ ತೆಗೆದು ಝೂಮ್ ಮಾಡಿ. ಕಣ್ಣು ಕ್ಷಮಿಸಿಬಿಡುವುದನ್ನು ಕ್ಯಾಮೆರಾ ಕ್ಷಮಿಸಲ್ಲ. ಕೋಣೆಯ ದೀಪ ಆರಿಸಿ, ಟಾರ್ಚ್ ಅನ್ನು ಓರೆಯಾಗಿ ಹಿಡಿದು ಮೇಲ್ಮೈ ನೋಡಿ. ಕೆಟ್ಟ ಜಾಗಕ್ಕೆ ಬೆರಳಿನಿಂದ ಒಂದು ತೊಟ್ಟು ನೀರು ಹಚ್ಚಿ ನೋಡಿ. ಟ್ಯಾಂಕನ್ನು ಗಾಜಿನ ತುಂಡಿನ ಮೇಲೆ ನಿಲ್ಲಿಸಿ, ಮೇಜಿನ ಮಟ್ಟಕ್ಕೆ ಬಗ್ಗಿ ನೋಡಿ. ಇವು ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಲಕ್ಷಣ: ಎಲ್ಲ ಸರಿಯಿದೆ, ಆದರೂ ಆಟಿಕೆ ತರಹ ಕಾಣುತ್ತದೆ

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ದೂರು. ನನ್ನ ಮಗಳು ಎಂಟು ವರ್ಷದವಳಿದ್ದಾಗ ಮೊದಲ ಟಿ-55 ನೋಡಿ, "ಅಪ್ಪಾ, ಬಣ್ಣ ಚೆನ್ನಾಗಿದೆ. ಆದ್ರೆ ಇದು ದಪ್ಪ ದಪ್ಪ ಇದೆ" ಅಂದಳು. ಆರು ವಾರದ ಕೆಲಸ ನೀರಿಗೆ ಹಾಕಿದಂತಾಯಿತು. ಆದರೆ ಅವಳು ಹೇಳಿದ್ದು ನೂರಕ್ಕೆ ನೂರು ನಿಜ.

ಲೆಕ್ಕ ಹಾಕಿ. 1/35 ಅಂದರೆ ಮಾದರಿಯ 1 ಮಿಲಿಮೀಟರ್ ನಿಜವಾದ ಟ್ಯಾಂಕಿನಲ್ಲಿ 35 ಮಿಲಿಮೀಟರ್. ಕಿಟ್‌ನ ಫೆಂಡರ್ ಅಂಚು ಸಾಮಾನ್ಯವಾಗಿ ಒಂದು ಮಿಲಿಮೀಟರ್ ಹತ್ತಿರ ಇರುತ್ತದೆ. ಅಂದರೆ ತೆಳು ತಗಡಿನ ಮಡ್‌ಗಾರ್ಡ್ ಜಾಗದಲ್ಲಿ ಮೂರೂವರೆ ಸೆಂಟಿಮೀಟರ್ ದಪ್ಪದ ಹಲಗೆ ಕೂತಂತೆ. ಒಂದು ತಲೆಕೂದಲು ಕೂಡ ಈ ಲೆಕ್ಕದಲ್ಲಿ ಎರಡೂವರೆ ಮಿಲಿಮೀಟರ್ ತಂತಿಯಾಗುತ್ತದೆ. ಎಷ್ಟು ಬಣ್ಣ ಬಳಿದರೂ ಈ ದಪ್ಪ ಮರೆಯಾಗಲ್ಲ. ಬದಲಿಗೆ ವಾಶ್ (ಸಂದಿಗೆ ಇಳಿಯುವ ನೀರುನೀರಾದ ಬಣ್ಣ), ಡ್ರೈಬ್ರಶ್ (ಒಣ ಬ್ರಶ್‌ನಿಂದ ಅಂಚಿಗೆ ಸವರುವ ಬಣ್ಣ) ಎಲ್ಲ ಸೇರಿ ಆ ಅಂಚನ್ನೇ ಎತ್ತಿ ತೋರಿಸುತ್ತವೆ.

(ಈ 1/35 ಅನ್ನುವುದರ ಹಿಂದೆ ದೊಡ್ಡ ಶಾಸ್ತ್ರವೇನೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಮೋಟಾರ್ ಇರುವ ಪ್ಯಾಂಥರ್ ಟ್ಯಾಂಕ್ ಕಿಟ್ ಮಾಡಿತು. ಒಳಗೆ ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಸುಮಾರು 1/35 ಇತ್ತು. ಇವತ್ತಿಗೂ ನಾವೆಲ್ಲ ಆ ಬ್ಯಾಟರಿಯ ಲೆಕ್ಕದಲ್ಲೇ ಇದ್ದೇವೆ.)

ಪರೀಕ್ಷೆ ಸುಲಭ. ಫೋಟೋದಲ್ಲಿ ಅಂಚುಗಳನ್ನು ಮಾತ್ರ ನೋಡಿ: ಫೆಂಡರ್ ತುದಿ, ಹೆಡ್‌ಲೈಟ್ ಸುತ್ತಲಿನ ಕಂಬಿ, ಟರೆಟ್ (ಗನ್ ಇರುವ, ತಿರುಗುವ ಗುಮ್ಮಟ) ಮೇಲಿನ ಹಿಡಿಗಳು, ಆಂಟೆನಾ. ಕಂಬಿಗಳು ಕೈಯಲ್ಲಿ ಹಿಡಿಯುವ ಸಾಮಾನ್ಯ ಕಂಬಿಯಂತೆ ಕಾಣುತ್ತಿವೆಯೋ, ಇಲ್ಲ ನೀರಿನ ಪೈಪಿನಂತೆ ಕಾಣುತ್ತಿವೆಯೋ?

ಮದ್ದು ಎರಡು ತರಹ. ಬಣ್ಣ ಹಚ್ಚಿ ಆಗಿದ್ದರೆ, ಫೆಂಡರ್ ಅಂಚನ್ನು ಒಳಗಿನಿಂದ, ಅಂದರೆ ಕಣ್ಣಿಗೆ ಬೀಳದ ಕಡೆಯಿಂದ, ಬ್ಲೇಡಿನಲ್ಲಿ ಓರೆಯಾಗಿ ಕೆರೆಯಿರಿ. ಅಂಚು ಮಾತ್ರ ತೆಳುವಾದರೆ ಸಾಕು, ಇಡೀ ಫೆಂಡರ್ ತೆಳುವಾಗಿದೆ ಅಂತ ಕಣ್ಣು ನಂಬಿಬಿಡುತ್ತೆ. ಇನ್ನೂ ಬಣ್ಣ ಹಚ್ಚಿಲ್ಲದಿದ್ದರೆ ಆ ಮಡ್‌ಗಾರ್ಡ್ ತುದಿಯನ್ನೇ ಕತ್ತರಿಸಿ, ಕೂಲ್‌ಡ್ರಿಂಕ್ಸ್ ಕ್ಯಾನಿನ ತಗಡಿನಲ್ಲಿ ಹೊಸದು ಮಾಡಿ. ಆ ತಗಡು ಸುಮಾರು 0.1 ಮಿಲಿಮೀಟರ್. 35ರಿಂದ ಗುಣಿಸಿದರೆ ಮೂರೂವರೆ ಮಿಲಿಮೀಟರ್, ನಿಜವಾದ ತಗಡಿಗೆ ಹತ್ತಿರದ ಲೆಕ್ಕ. ಅದಕ್ಕಿಂತ ಮೆದು ಬೇಕೆಂದರೆ ಹಳೇ ಮುಲಾಮಿನ ಅಲ್ಯೂಮಿನಿಯಂ ಟ್ಯೂಬನ್ನು ಕತ್ತರಿಸಿ, ತೊಳೆದು ಬಳಸಿ. ಬೆರಳಲ್ಲೇ ನೆಗ್ಗು ಮೂಡಿಸಬಹುದು. ಕಂಬಿಗಳಿಗೆ 0.4 ಮಿಲಿಮೀಟರ್ ತಾಮ್ರದ ತಂತಿ ಸಾಕು. ಆಂಟೆನಾಗೆ ಗಿಟಾರಿನ ಅತಿ ತೆಳುವಾದ ಉಕ್ಕಿನ ತಂತಿ ಹಾಕಿ, ಬಾಗಿದರೂ ತಾನೇ ನೆಟ್ಟಗಾಗುತ್ತೆ.

ಇದೇ ಗುಂಪಿಗೆ ಸೇರಿದ ಇನ್ನೊಂದು ದೋಷ: ಟರೆಟ್ ಜಾಸ್ತಿ ನುಣುಪು. ಟಿ-55ರ ಟರೆಟ್ ಎರಕದ್ದು. ಎರಕದ ಕಬ್ಬಿಣವನ್ನು ನೋಡಿದವರಿಗೆ ಗೊತ್ತು, ದೋಸೆ ಕಾವಲಿಯ ಹಿಂಬದಿಯಂತೆ ತರಿತರಿಯಾಗಿರುತ್ತದೆ. ಅದರ ಚಾವಣಿ ಮಾತ್ರ ಎರಡು ಅರ್ಧಚಂದ್ರಾಕಾರದ ಫಲಕಗಳನ್ನು ಬೆಸುಗೆ ಹಾಕಿ ಕೂಡಿಸಿದ್ದು. ಅಂದರೆ ಪಕ್ಕ ಒರಟು, ಮೇಲೆ ನುಣುಪು, ನಡುವೆ ಬೆಸುಗೆಯ ಗೆರೆ. ಈ ವ್ಯತ್ಯಾಸ ಇಲ್ಲದಿದ್ದರೆ ಟರೆಟ್ ಮಗುಚಿಟ್ಟ ಪ್ಲಾಸ್ಟಿಕ್ ಬಟ್ಟಲಾಗುತ್ತದೆ. ಪ್ಲಾಸ್ಟಿಕ್ ಅಂಟನ್ನು ಪಕ್ಕಗಳಿಗೆ ಸ್ವಲ್ಪ ಸ್ವಲ್ಪವೇ ಹಚ್ಚಿ, ಮೆತ್ತಗಾದಾಗ ಗಟ್ಟಿ ಕೂದಲಿನ ಹಳೇ ಬ್ರಶ್‌ನಿಂದ ಕುಟ್ಟಿ. ಒಣಗಿದ ಮೇಲೆ ನುಣ್ಣನೆ ಉಪ್ಪು ಕಾಗದದಲ್ಲಿ ಒಂದೇ ಸಲ ಸವರಿ. ಬೆಸುಗೆಗೆ ಎಂ-ಸೀಲ್‌ನಂಥ ಎಪಾಕ್ಸಿ ಕಲಸಿ, ನೂಲಿನಷ್ಟು ತೆಳುವಾಗಿ ಹೊಸೆದು, ಗೆರೆಯ ಮೇಲೆ ಕೂರಿಸಿ ಒದ್ದೆ ಬ್ಲೇಡಿನ ತುದಿಯಿಂದ ಸಾಲಾಗಿ ಒತ್ತುತ್ತಾ ಹೋಗಿ. ಶಾವಿಗೆ ಹೊಸೆದ ಕೈಗೆ ಇದು ಕಷ್ಟವೇ ಅಲ್ಲ. ನಮ್ಮನೆಯಲ್ಲಿ ನನಗಿಂತ ತೆಳುವಾಗಿ ಹೊಸೆಯುವವಳು ನನ್ನಾಕೆ.

ಲಕ್ಷಣ: ಹಿತ್ತಾಳೆ ತುಂಡುಗಳು ಉದುರುತ್ತಿವೆ, ಅಥವಾ ಬಗ್ಗಿಸಿದರೆ ಸೆಟೆದು ನಿಲ್ಲುತ್ತಿವೆ

ಫೋಟೋ-ಎಚ್, ಅಂದರೆ ರಾಸಾಯನಿಕದಿಂದ ಆಕಾರ ಕೊರೆದ ತೆಳು ಹಿತ್ತಾಳೆ ಹಾಳೆಯಿಂದ ಕತ್ತರಿಸಿದ ಜಾಲರಿ, ಕೊಂಡಿ, ಪಟ್ಟಿಗಳ ಕಥೆ ಇದು. ಟಿ-55ರಲ್ಲಿ ಎಂಜಿನ್ ಮೇಲಿನ ಜಾಲರಿ ಒಂದೇ ಸಾಕು ನಮ್ಮ ಬೆವರಿಳಿಸಲು. ಅಂಟಿಸಿದಾಗ ಗಟ್ಟಿಯಾಗಿರುತ್ತದೆ, ಮೂರನೇ ದಿನ ಬಣ್ಣ ಹಚ್ಚುವಾಗ ಟಪ್ ಅಂತ ಬಿದ್ದು ನೆಲದಲ್ಲಿ ಮಾಯ.

ಬಿದ್ದ ತುಂಡು ಸಿಕ್ಕಿದರೆ (ಸಿಕ್ಕಲ್ಲ, ಆದರೂ ಹೇಳುತ್ತೇನೆ) ಅದರ ಹಿಂಬದಿ ನೋಡಿ. ಅಂಟು ಪೂರಾ ಪ್ಲಾಸ್ಟಿಕ್ ಮೇಲೇ ಉಳಿದು ಹಿತ್ತಾಳೆ ಬೋಳಾಗಿದ್ದರೆ, ದೋಷ ಹಿತ್ತಾಳೆಯ ಜಿಡ್ಡಿನದು. ಅಂಟು ಎರಡೂ ಕಡೆ ಹರಿದು ಹಂಚಿಕೊಂಡಿದ್ದರೆ ಏಟು ಬಿದ್ದಿದೆ, ಇಲ್ಲವೇ ತುಂಡು ಸೆಟೆದು ತನ್ನನ್ನು ತಾನೇ ಕಿತ್ತುಕೊಂಡಿದೆ. ಸೂಪರ್ ಗ್ಲೂ ಎಳೆತ ತಡೆಯುತ್ತೆ, ಆದರೆ ಏಟು ಮತ್ತು ಸಿಪ್ಪೆ ಸುಲಿಯುವಂಥ ಎಳೆತ ತಡೆಯಲ್ಲ. ಅದು ಅದರ ಸ್ವಭಾವ. ಅಂಟು ಜಾಸ್ತಿ ಹಾಕಿದಷ್ಟೂ ಇನ್ನಷ್ಟು ಪೆಡಸು.

ಜಿಡ್ಡಾಗಿದ್ದರೆ ಹಾಳೆಯಿಂದ ಬಿಡಿಸುವ ಮೊದಲೇ 600ರ ಉಪ್ಪು ಕಾಗದದಲ್ಲಿ ಹಿಂಬದಿ ಉಜ್ಜಿ, ಪಾತ್ರೆ ಸೋಪಿನಲ್ಲಿ ತೊಳೆಯಿರಿ. ಆಮೇಲೆ ಬೆರಳು ತಾಕಿಸಬೇಡಿ, ಚಿಮಟ ಮಾತ್ರ. ಸೆಟೆದು ನಿಲ್ಲುತ್ತಿದ್ದರೆ ಹಿತ್ತಾಳೆಯನ್ನು ಕಾಯಿಸಿ ಮೆತ್ತಗೆ ಮಾಡಬೇಕು. ಚಿಮಟದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯ ಅಂಚಿನಲ್ಲಿ ಎರಡು ಮೂರು ಸೆಕೆಂಡ್ ಹಿಡಿಯಿರಿ. ಮಂಕು ಕೆಂಪು ಬಂದ ತಕ್ಷಣ ತೆಗೆಯಿರಿ. ಇನ್ನೊಂದು ಕ್ಷಣ ಬಿಟ್ಟರೆ ಜಾಲರಿ ಕರಗಿ ಮುದ್ದೆಯಾಗುತ್ತೆ. ಆರಿದ ಮೇಲೆ ಕಾಗದದಂತೆ ಬಗ್ಗುತ್ತದೆ, ಬಗ್ಗಿಸಿದಲ್ಲೇ ಇರುತ್ತದೆ.

ಕಾಯಿಸಿದ ಹಿತ್ತಾಳೆ ಕಪ್ಪಾಗುತ್ತದೆ. ಇದಕ್ಕೆ ವಿದೇಶಿ ಮಾದರಿಕಾರರು ಬಾಟಲಿ ಕೊಳ್ಳುತ್ತಾರೆ. ನಮಗೆ ಬೇಕಿಲ್ಲ. ದೀಪದ ಕಂಬ ಬೆಳಗುವ ಹುಣಸೆಹಣ್ಣಿನ ರಸದಲ್ಲಿ ಐದು ನಿಮಿಷ ನೆನೆಸಿ, ಮೆತ್ತನೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಚಿನ್ನದ ಹಾಗೆ ಹೊಳೆಯುತ್ತದೆ. ಹುಳಿ ಉಳಿದರೆ ಮುಂದೆ ಬಣ್ಣದ ಕೆಳಗೆ ಹಸಿರುಗಟ್ಟುತ್ತೆ, ಹಾಗಾಗಿ ತೊಳೆಯುವುದರಲ್ಲಿ ಆಲಸ್ಯ ಬೇಡ.

ಅಂಟಿನ ಸುತ್ತ ಬೂದಿ ಉದುರಿದಂಥ ಬಿಳಿ ಕಲೆ ಬಂದಿದ್ದರೆ, ಅದು ಅಂಟಿನ ಆವಿ ಮತ್ತೆ ಕೂತಿರುವುದು. ಅಂಟು ಜಾಸ್ತಿಯಾಗಿದೆ, ಗಾಳಿ ಆಡಿಲ್ಲ, ಮಳೆಗಾಲವಾದರೆ ತೇವವೂ ಸೇರಿಕೊಂಡಿದೆ. ಬಣ್ಣ ಹಚ್ಚುವ ಮೊದಲಾದರೆ ಚಿಂತೆ ಬಿಡಿ, ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಮುಚ್ಚುತ್ತದೆ. ಬಣ್ಣದ ಮೇಲಾದರೆ ಗ್ಲಾಸ್ (ಹೊಳಪಿನ) ಕೋಟ್ ಒಂದು, ಆಮೇಲೆ ಮ್ಯಾಟ್ ಕೋಟ್ ಒಂದು. ಮುಗಿಯಿತು.

ಲಕ್ಷಣ: ಬೆಳಿಗ್ಗೆ ಎದ್ದು ನೋಡಿದರೆ ಚಕ್ರದ ತೋಳು ಮುರಿದಿದೆ

ಇದು ನನಗೆ ಆದದ್ದು. ರಾತ್ರಿ ಹನ್ನೊಂದಕ್ಕೆ ಚಕ್ರಗಳ ಹಿಂಬದಿಗೆ ಧಾರಾಳವಾಗಿ ಕಂದು ವಾಶ್ ಸುರಿದು ಮಲಗಿದೆ. ಎನಾಮೆಲ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ಕದಡಿದ್ದು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದರೆ ಟ್ಯಾಂಕ್ ಎಡಕ್ಕೆ ವಾಲಿ ಕೂತಿದೆ. ಎತ್ತಿದೆ. ಮೂರು ಚಕ್ರ ಮೇಜಿನ ಮೇಲೇ ಉಳಿದವು. ಯಾರೂ ಮುಟ್ಟಿರಲಿಲ್ಲ. ಆದರೂ ಮನೆಯ ಬೆಕ್ಕಿಗೆ ಎರಡು ದಿನ ಬೈದೆ. ಪಾಪ.

ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಬಲ ಬಿದ್ದು ಮುರಿದ ಪ್ಲಾಸ್ಟಿಕ್ ಬಗ್ಗಿ, ಬೆಳ್ಳಗಾಗಿ, ನಾರುನಾರಾಗಿ ಮುರಿಯುತ್ತದೆ. ಥಿನ್ನರ್‌ನಿಂದ ಬಿರುಕು ಬಿಟ್ಟದ್ದು ಗಾಜು ಮುರಿದಂತೆ ನೀಟಾಗಿ ಮುರಿದಿರುತ್ತದೆ. ನನ್ನದು ಗಾಜಿನಂತೆ ಮುರಿದಿತ್ತು. ಬೆಕ್ಕು ನಿರಪರಾಧಿ.

ಆಗುವುದು ಹೀಗೆ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಸುಮ್ನೆ ಕೂತ ಪಾಲಿಸ್ಟೈರೀನ್‌ಗೆ ಟರ್ಪೆಂಟೈನ್ ತಾಕಿದರೆ ಸಾಮಾನ್ಯವಾಗಿ ಏನೂ ಆಗಲ್ಲ. ಆದರೆ ಎಲ್ಲಾದರೂ ಬಿಗಿತ ಇದ್ದರೆ, ಆ ಬಿಗಿತದ ಜಾಗದಲ್ಲಿ ದ್ರಾವಣ ಒಳಗೆ ಇಳಿದು ಬಿರುಕನ್ನು ತೆರೆಯುತ್ತದೆ. ನನ್ನ ಟ್ಯಾಂಕಿನಲ್ಲಿ ಬಿಗಿತ ಎಲ್ಲಿಂದ ಬಂತು? ರಬ್ಬರಿನಂಥ ವಿನೈಲ್ ಚೈನು. ಅದು ಸ್ವಲ್ಪ ಗಿಡ್ಡವಾಗಿತ್ತು, ಎಳೆದು ಹಾಕಿದ್ದೆ. ಹಗಲೂ ರಾತ್ರಿ ಅದು ಚಕ್ರಗಳನ್ನು ಎಳೆಯುತ್ತಲೇ ಇತ್ತು. ವಾಶ್ ಬರೀ ನೆಪ.

ಒಳಗೆ ಬಿಗಿತ ಇದೆಯಾ ಅಂತ ವಾಶ್‌ಗೆ ಮೊದಲೇ ತಿಳಿಯಲು ಗಾಜಿನ ಪರೀಕ್ಷೆ ಸಾಕು. ಚೈನು ಹಾಕುವ ಮೊದಲು ಹತ್ತೂ ಚಕ್ರ ಗಾಜಿಗೆ ತಾಕುತ್ತಿದ್ದು, ಹಾಕಿದ ಮೇಲೆ ಮುಂದಿನದು ಅಥವಾ ಹಿಂದಿನದು ಎದ್ದರೆ, ಚೈನು ಎಳೆಯುತ್ತಿದೆ.

ರಿಪೇರಿಗೆ ಬರೀ ಅಂಟು ಸಾಲದು. ಎರಡೂ ಮುರಿದ ಮುಖಗಳಿಗೆ ಕೈ ಡ್ರಿಲ್‌ನಿಂದ 0.5 ಮಿಲಿಮೀಟರ್ ತೂತು ಕೊರೆದು, ಒಳಗೆ ತಂತಿ ತುರುಕಿ, ಸೂಪರ್ ಗ್ಲೂ ಹಾಕಿ. ಮೂಳೆ ಮುರಿದವರಿಗೆ ಡಾಕ್ಟರು ರಾಡ್ ಹಾಕುವಂತೆ. ಇನ್ನು ಮುಂದೆ ಎನಾಮೆಲ್ ವಾಶ್ ಮೊದಲು ಬಣ್ಣ ಮತ್ತು ಕ್ಲಿಯರ್ ಕೋಟ್‌ನಿಂದ ಸಂದುಗೊಂದುಗಳೂ ಮುಚ್ಚಿವೆಯಾ ನೋಡಿ. ಚಕ್ರದ ಹಿಂಬದಿ ಬಹಳ ಸಲ ಬೆತ್ತಲೆ ಪ್ಲಾಸ್ಟಿಕ್ಕಾಗೇ ಉಳಿದಿರುತ್ತದೆ. ವಾಶ್ ಸುರಿಯಬೇಡಿ, ಮುಟ್ಟಿಸಿ.

ಲಕ್ಷಣ: ಚೈನು ಗಾಳಿಯಲ್ಲಿ ತೇಲುತ್ತಿದೆ

ಟಿ-55ಕ್ಕೆ ಪ್ರತಿ ಪಕ್ಕ ಐದು ದೊಡ್ಡ ಚಕ್ರ. ಒಂದೊಂದರ ವ್ಯಾಸ 810 ಮಿಲಿಮೀಟರ್, ಮಾದರಿಯಲ್ಲಿ 23. ಒಂದನೇ ಮತ್ತು ಎರಡನೇ ಚಕ್ರದ ನಡುವೆ ಮಾತ್ರ ಅಂತರ ಜಾಸ್ತಿ. ಮೇಲೆ ಚೈನು ಎತ್ತಿ ಹಿಡಿಯುವ ಪುಟ್ಟ ಉರುಳೆಗಳಿಲ್ಲ. ಹಾಗಾಗಿ 36 ಟನ್ ಟ್ಯಾಂಕಿನ ಉಕ್ಕಿನ ಚೈನು ತನ್ನ ಭಾರಕ್ಕೆ ತಾನೇ ಜೋತು, ಚಕ್ರಗಳ ನೆತ್ತಿಯ ಮೇಲೆ ಮಲಗುತ್ತದೆ. ಸಡಿಲ ಬಿಟ್ಟ ಹಗ್ಗದ ಹಾಗೆ. ಮಾದರಿಯಲ್ಲಿ ಅದು ಎಳೆದು ಕಟ್ಟಿದ ಬಟ್ಟೆ ಒಣಗಿಸುವ ದಾರದಂತೆ ನೆಟ್ಟಗಿದ್ದರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ, ತೂಕ ಇಲ್ಲದ ಟ್ಯಾಂಕ್ ಅನ್ನಿಸುತ್ತದೆ.

ಮದ್ದು ಹಾಕುವ ಮೊದಲು ಹಿಂದಿನ ಹಲ್ಲಿನ ಚಕ್ರ ಎಣಿಸಿ. 13 ಹಲ್ಲಿದ್ದರೆ ಹಳೇ ತರಹದ ಒಣ ಪಿನ್ನಿನ ಚೈನು. ಇದು ಚೆನ್ನಾಗಿ ಜೋಲುತ್ತದೆ. 14 ಇದ್ದರೆ ನಂತರ ಬಂದ ರಬ್ಬರ್ ಬುಶ್ ಇರುವ ಚೈನು. ಇದರ ಜೋಲು ಕಡಿಮೆ. ಈ ವ್ಯತ್ಯಾಸ ಗೊತ್ತಿಲ್ಲದೆ ಹೊಸ ಚೈನನ್ನು ಸೀರೆ ಸೆರಗಿನಂತೆ ಜೋಲಿಸಿದರೂ ತಪ್ಪೇ.

ವಿನೈಲ್ ಚೈನಾದರೆ ಎರಡನೇ, ಮೂರನೇ, ನಾಲ್ಕನೇ ಚಕ್ರದ ನೇರಕ್ಕೆ, ಫೆಂಡರ್ ಮರೆಯಲ್ಲಿ, ಹಲ್ (ಟ್ಯಾಂಕಿನ ಒಡಲು) ಪಕ್ಕಕ್ಕೆ ತೂತು ಕೊರೆದು ಪಿನ್ನು ಅಡ್ಡ ತೂರಿಸಿ. ಪಿನ್ನು ಚೈನನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಚೈನು ಗಿಡ್ಡವಾಗಿದ್ದರೆ ಇದು ಕೂಡದು, ಮೇಲಿನ ಕಥೆ ಮತ್ತೆ ಶುರುವಾಗುತ್ತೆ. ನನ್ನನ್ನು ಕೇಳಿದರೆ, ಕೊಂಡಿ ಕೊಂಡಿ ಜೋಡಿಸುವ ಪ್ಲಾಸ್ಟಿಕ್ ಚೈನು ಕೊಂಡುಬಿಡಿ. ಪಕ್ಕಕ್ಕೆ ತೊಂಬತ್ತು ಕೊಂಡಿ, ಎರಡು ಸಂಜೆಯ ಕೆಲಸ. ಕ್ರಿಕೆಟ್ ಕಾಮೆಂಟರಿ ಕೇಳುತ್ತಾ ಮಾಡುವಂಥದ್ದು. ಅಂಟು ಅರ್ಧ ಒಣಗಿ ಇಡೀ ಸಾಲು ಬಾಗುವಂತಿರುವಾಗಲೇ ಚಕ್ರದ ಮೇಲೆ ಹಾಸಿ, ಸ್ಪಂಜಿನ ತುಂಡುಗಳನ್ನು ಫೆಂಡರ್ ಕೆಳಗೆ ಒತ್ತಿ ರಾತ್ರಿಯಿಡೀ ಬಿಡಿ.

ವಿನೈಲ್ ಮೇಲೆ ಹಚ್ಚಿದ ಎನಾಮೆಲ್ ಬಣ್ಣ ವಾರವಾದರೂ ಅಂಟಂಟಾಗಿದ್ದರೆ ಕಾಯಬೇಡಿ, ಅದು ಒಣಗಲ್ಲ. ತೊಳೆದು ಅಕ್ರಿಲಿಕ್ ಹಚ್ಚಿ.

ಲಕ್ಷಣ: ಬೆಳ್ಳಗಾಯಿತು

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೊಂದೇ ಗೋಳು. ಹಪ್ಪಳ ಮೆತ್ತಗಾಗುವ ದಿನ ಲ್ಯಾಕರ್ ಸ್ಪ್ರೇ ಮಾಡಿದರೆ ಟ್ಯಾಂಕಿನ ಮೇಲೆ ಮಂಜು ಕೂರುತ್ತದೆ. ಲ್ಯಾಕರ್ ಥಿನ್ನರ್ ಬೇಗ ಆರುತ್ತೆ, ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ತೇವ ಅಲ್ಲೇ ಹನಿಗಟ್ಟಿ ಕೋಟ್ ಒಳಗೆ ಸಿಕ್ಕಿಹಾಕಿಕೊಳ್ಳುತ್ತೆ. ಆದರೆ ಬಿಳಿ ಅಂದರೆಲ್ಲ ಇದೇ ಅಲ್ಲ. ಇಲ್ಲೇ ನೀರಿನ ಪರೀಕ್ಷೆ ಕೆಲಸಕ್ಕೆ ಬರುವುದು.

ಕಲೆಯ ಮೇಲೆ ನೀರು ಹಚ್ಚಿ. ಬಿಳಿ ಮಾಯವಾಗಿ ಕೆಳಗಿನ ಹಸಿರು ಬಣ್ಣ ಚೊಕ್ಕವಾಗಿ ಕಂಡರೆ, ದೋಷ ಮೇಲ್ಮೈಯದು. ಒರಟಾದ ಮೇಲ್ಮೈ ಬೆಳಕನ್ನು ಚೆದುರಿಸುತ್ತಿದೆ ಅಷ್ಟೆ. ಒಣ ದಿನ ನೋಡಿ ಒಂದು ಗ್ಲಾಸ್ ಕೋಟ್ ಹಾಕಿ, ಆರಿದ ಮೇಲೆ ತೆಳುವಾಗಿ ಮ್ಯಾಟ್. ನೀರು ಹಚ್ಚಿದರೂ ಬಿಳಿ ಉಳಿದರೆ ಅದು ಕೋಟ್ ಒಳಗಿದೆ: ಒಂದೋ ತೇವ, ಇಲ್ಲವೇ ಮ್ಯಾಟ್ ಪುಡಿ ಬಾಟಲಿಯ ತಳದಲ್ಲಿ ಕೂತಿದ್ದನ್ನು ಸರಿಯಾಗಿ ಅಲ್ಲಾಡಿಸದೆ ಹಾಕಿದ್ದು. ಕೆಳಗಿನ ಬಣ್ಣವೂ ಲ್ಯಾಕರ್ ಆಗಿ ಚೆನ್ನಾಗಿ ಒಣಗಿದ್ದರೆ, ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದ ಥಿನ್ನರನ್ನು ಏರ್‌ಬ್ರಶ್‌ನಲ್ಲಿ ಮಂಜಿನಂತೆ ಹಾಯಿಸಿ. ಕೋಟ್ ಮತ್ತೆ ಕರಗಿ ತೇವ ಹೊರಗೆ ಹೋಗುತ್ತದೆ. ಮೊದಲು ಟ್ಯಾಂಕಿನ ಹೊಟ್ಟೆಯ ಮೇಲೆ ಮಾಡಿ ನೋಡಿ. ಪುಡಿಯಾದರೆ ಮದ್ದಿಲ್ಲ, ಆ ಭಾಗಕ್ಕೆ ಮತ್ತೆ ಬಣ್ಣವೇ ಗತಿ.

ನಾನೀಗ ಗೋಡೆಗೆ ತೇವ ತೋರಿಸುವ ಪುಟ್ಟ ಮೀಟರ್ ನೇತುಹಾಕಿದ್ದೇನೆ. ಶೇಕಡಾ 70ಕ್ಕಿಂತ ಜಾಸ್ತಿ ತೋರಿಸಿದ ದಿನ ಸ್ಪ್ರೇ ಇಲ್ಲ. ನಮ್ಮ ಕಡೆ ಅಂದರೆ ಮೂರು ತಿಂಗಳು ಚೈನಿನ ಕೊಂಡಿ ಜೋಡಿಸುವುದೇ ಕೆಲಸ.

ಡೆಕಾಲ್ ಸುತ್ತ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಕಾರಣ ಬೇರೆ. ಟಾರ್ಚ್ ಓರೆಯಾಗಿ ಹಿಡಿಯಿರಿ. ಡೆಕಾಲ್ ಕೆಳಗೆ ಗಾಳಿಯ ಗುಳ್ಳೆ ಮಿನುಗುತ್ತದೆ. ಒರಟು ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಅಂಟಿಸಿದ ತಪ್ಪು ಅದು. ಸೂಜಿಯಿಂದ ಹತ್ತಿಪ್ಪತ್ತು ಕಡೆ ಚುಚ್ಚಿ, ಡೆಕಾಲ್ ಮೆತ್ತಗೆ ಮಾಡುವ ದ್ರಾವಣ ಹಚ್ಚಿ, ಒಣಗಲು ಬಿಡಿ. ಮತ್ತೆ ಚುಚ್ಚಿ, ಮತ್ತೆ ಹಚ್ಚಿ. ಮೂರು ನಾಲ್ಕು ಸಲಕ್ಕೆ ಕೂರುತ್ತದೆ. ಒದ್ದೆ ಇರುವಾಗ ಸುಕ್ಕಾಗುತ್ತದೆ, ಹೆದರಿ ಬೆರಳಿಡಬೇಡಿ, ತಾನೇ ಸರಿಹೋಗುತ್ತೆ.

ಲಕ್ಷಣ: ತುಕ್ಕು, ಮಸಿ, ಧೂಳು ಎಲ್ಲ ಹಾಕಿದೆ, ಯಾಕೋ ಸುಳ್ಳು ಅನ್ನಿಸುತ್ತಿದೆ

ಇಲ್ಲಿ ಅಂಟಿನದೂ ತಪ್ಪಿಲ್ಲ, ಬಣ್ಣದ್ದೂ ಇಲ್ಲ. ಜಾಗದ ತಪ್ಪು.

ನಮ್ಮ ಬೀದಿಯಲ್ಲಿ ಸೇನೆಯಿಂದ ನಿವೃತ್ತರಾದ ದಫೇದಾರ್ ಒಬ್ಬರಿದ್ದಾರೆ. ಟ್ಯಾಂಕ್ ರೆಜಿಮೆಂಟಿನಲ್ಲಿದ್ದವರು. ನನ್ನ ಎರಡನೇ ಟಿ-55 ತೋರಿಸಿದೆ. ಸಲಿಕೆ, ಪಿಕಾಸಿ, ಹಗ್ಗ, ಎಲ್ಲಕ್ಕೂ ಕಿತ್ತಳೆ ತುಕ್ಕು ಬಳಿದಿದ್ದೆ. ಕನ್ನಡಕ ಏರಿಸಿ ನೋಡಿದರು. "ಸಾರ್, ನಮ್ ಗಾಡೀಲಿ ಸಲಿಕೆ ಹಿಂಗಿದ್ದಿದ್ರೆ ರಿಸಾಲ್ದಾರ್ ಸಾಹೇಬ್ರು ನನ್ನನ್ನೇ ಉಜ್ಜಿಬಿಡ್ತಿದ್ರು" ಅಂದರು. ಆಮೇಲೆ ಎಡ ಫೆಂಡರ್ ಮೇಲೆ ಬೆರಳಿಟ್ಟು, "ಹೊಗೆ ಇಲ್ಲಿ ಬರ್ತದೆ. ಆ ಕಡೆ ಯಾಕೆ ಮಸಿ ಮೆತ್ತಿದ್ದೀರಿ?" ಅಂತ ಕೇಳಿದರು.

ಆ ಒಂದು ಪ್ರಶ್ನೆ ನನಗೆ ಹತ್ತು ಬಾಟಲಿ ಪುಡಿಬಣ್ಣದ ಪಿಗ್ಮೆಂಟ್‌ಗಿಂತ ಜಾಸ್ತಿ ಕಲಿಸಿತು. ಟಿ-55ರ ಹೊಗೆ ಕೊಳವೆ ಎಡ ಫೆಂಡರ್ ಮೇಲಿದೆ. ಡೀಸೆಲ್ ಮಸಿ, ಸುಟ್ಟ ಬಣ್ಣ, ನಿಜವಾದ ಕಂದು ತುಕ್ಕು ಎಲ್ಲ ಅಲ್ಲೇ, ಅದರ ಸುತ್ತ. ಬಲ ಫೆಂಡರ್ ಮೇಲೆ ಇಂಧನದ ಚಪ್ಪಟೆ ಪೆಟ್ಟಿಗೆಗಳಿವೆ. ಅಲ್ಲಿ ಮುಚ್ಚಳದ ಕೆಳಗೆ ಎಣ್ಣೆ ಇಳಿದ ಮಿನುಗುವ ಕಪ್ಪು ಕಲೆ ಇರಬೇಕು, ಅದರ ಮೇಲೆ ಧೂಳು ಮೆತ್ತಿರಬೇಕು. ಚೈನು ನೆಲಕ್ಕೆ ಉಜ್ಜುವ ಅಂಚು ಬೆಳ್ಳಿಯಂತೆ ಹೊಳೆಯಬೇಕು, ಓಡುವ ಟ್ಯಾಂಕಿನಲ್ಲಿ ಅಲ್ಲಿ ತುಕ್ಕು ನಿಲ್ಲಲ್ಲ. ಬಣ್ಣ ಸವೆಯುವುದು ಸೈನಿಕ ಹತ್ತುವ, ಇಳಿಯುವ, ಕೈ ಊರುವ ಕಡೆ. ಮಾದರಿಯನ್ನು ಮುಂದಿಟ್ಟುಕೊಂಡು ನಾಲ್ಕು ಜನರನ್ನು ಮನಸ್ಸಿನಲ್ಲೇ ಅದರೊಳಗೆ ಹತ್ತಿಸಿ ನೋಡಿ. ಅವರ ಬೂಟು ತಾಕದ ಕಡೆ ಬಣ್ಣ ಎದ್ದಿದ್ದರೆ ಒರೆಸಿಬಿಡಿ.

ಭಾಗಗಳೂ ಹಾಗೇ. 1958ರಲ್ಲಿ ಬಂದ ಟಿ-55ಕ್ಕೆ ಟರೆಟ್ ಮೇಲೆ ವಿಮಾನ ಹೊಡೆಯುವ ಮೆಷಿನ್ ಗನ್ ಇರಲಿಲ್ಲ, ಅದು ಮತ್ತೆ ಬಂದದ್ದು ಆಮೇಲೆ. ಟರೆಟ್ ಮುಂಭಾಗದಲ್ಲಿ ಅಣಬೆಯಂಥ ಗಾಳಿ ಗುಮ್ಮಟ ಇದ್ದರೆ ಅದು ಟಿ-54, ಇಲ್ಲವೇ ಚೀನಾದ ಟೈಪ್ 59. ಕಿಟ್ ಡಬ್ಬದಲ್ಲಿ ಹೆಚ್ಚುವರಿ ಭಾಗ ಇದೆ ಅಂತ ಎಲ್ಲ ಅಂಟಿಸಿದರೆ ಅತ್ತ ಇದೂ ಅಲ್ಲ, ಇತ್ತ ಅದೂ ಅಲ್ಲ.

1971ರ ಭಾರತದ ಟಿ-55 ಮಾಡುವವರಿಗೆ ಒಂದು ರುಚಿಯಾದ ವಿವರ. ಎದುರಾಳಿ ಪಾಕಿಸ್ತಾನದ ಬಳಿ ಟೈಪ್ 59 ಇತ್ತು, ದೂರದಿಂದ ಎರಡೂ ಅವಳಿ ಜವಳಿ. ತಮ್ಮವರೇ ತಮ್ಮವರಿಗೆ ಹೊಡೆಯಬಾರದೆಂದು ನಮ್ಮ ಟ್ಯಾಂಕುಗಳ ಗನ್ ಕೊಳವೆಯ ನಡುವೆ ಡಬ್ಬದಂಥ ಒಂದು ಹುಸಿ ಉಬ್ಬು ಕೂರಿಸಿದ್ದರು. ಅಸಲಿ ಹೊಗೆ ಹೀರುವ ಉಬ್ಬು ಕೊಳವೆಯ ತುದಿಯಲ್ಲೇ ಇರುತ್ತದೆ. ಎರಡು ಉಬ್ಬು ಕಂಡವರು "ತಪ್ಪಾಗಿದೆ" ಅಂದರೆ ನಕ್ಕು ಸುಮ್ಮನಿರಿ. ಖಾಲಿ ರಿಫಿಲ್ ಕೊಳವೆ, ಅದರ ಮೇಲೆ ಎರಡು ಸುತ್ತು ತಗಡು, ಅಷ್ಟರಲ್ಲಿ ಆಗುವ ಕೆಲಸ.

ನಿಜವಾದದ್ದನ್ನು ನೋಡಬೇಕೆಂದರೆ ಮಡಿಕೇರಿಗೆ ಹೋದಾಗ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್‌ಗೆ ಹೋಗಿ. ಈಗದು ಮ್ಯೂಸಿಯಂ, ಅಂಗಳದಲ್ಲಿ ಟಿ-55 ನಿಂತಿದೆ. ಬೆಸುಗೆ, ಎರಕದ ತರಿ, ಚೈನಿನ ಜೋಲು ನೋಡಲು ಬಲು ಒಳ್ಳೆಯದು. ಬಣ್ಣ ಮಾತ್ರ ನಕಲು ಮಾಡಬೇಡಿ. ಪ್ರದರ್ಶನಕ್ಕೆ ನಿಲ್ಲಿಸುವ ಟ್ಯಾಂಕುಗಳಿಗೆ ಗೇಟಿಗೆ ಬಳಿದಂತೆ ಹೊಳೆಯುವ ಪೇಂಟ್ ಬಳಿಯುವುದೇ ವಾಡಿಕೆ.

ಇನ್ನು ಮಣ್ಣು. ನನ್ನ ಮೂರನೇ ಟ್ಯಾಂಕು ಜಮ್ಮು ಗಡಿಯ ಛಾಂಬ್ ಕಡೆಯದು, 1971ರ ಡಿಸೆಂಬರ್ ಯುದ್ಧದ್ದು. ಕೆಸರಿಗೆ ಅಂಗಳದ ಮಣ್ಣನ್ನೇ ಜರಡಿ ಹಿಡಿದು, ಅಕ್ರಿಲಿಕ್ ಮೀಡಿಯಂ ಬೆರೆಸಿ ಚಕ್ರಗಳಿಗೆ ಮೆತ್ತಿದೆ. ತುಂಬಾ ಸಹಜವಾಗಿ ಬಂತು. ಗೆಳೆಯನಿಗೆ ತೋರಿಸಿದರೆ ಅವನು, "ಛಾಂಬಿಗೆ ಹೊರಟ ಟ್ಯಾಂಕು ತೀರ್ಥಹಳ್ಳಿ ಗದ್ದೇಲಿ ಹೂತ್ಕೊಂಡಿದ್ಯಲ್ಲೋ" ಅಂದ. ನಮ್ಮ ಕೆಮ್ಮಣ್ಣು! ಅಲ್ಲಿಯದು ನದಿ ತಂದು ಹಾಕಿದ ಬೂದುಗಂದು ಮಣ್ಣು. ಕಟ್ಟಡದ ಬೂದು ಸಿಮೆಂಟಿಗೆ ಸ್ವಲ್ಪ ಕಡಲೆಹಿಟ್ಟಿನ ಬಣ್ಣ ಸೇರಿಸಿದ ಹಾಗೆ. ಎರಡು ದಿನ ಕೂತು ಒದ್ದೆ ಹತ್ತಿಯಲ್ಲಿ ಒರೆಸಿ ತೆಗೆದೆ. ಮೀಡಿಯಂ ಗಟ್ಟಿಯಾಗಿದ್ದ ಕಡೆ ಕೆಂಪು ಹೋಗಲೇ ಇಲ್ಲ. ಆ ಜಾಗಕ್ಕೆ ಬೂದುಗಂದು ಪಿಗ್ಮೆಂಟನ್ನು ಒಣದಾಗಿ ಉದುರಿಸಿ, ಬ್ರಶ್ ತುದಿಯಿಂದ ಥಿನ್ನರ್ ಮುಟ್ಟಿಸಿ ಕೂರಿಸಿದೆ. ಮೇಲೆ ಮ್ಯಾಟ್ ಕೋಟ್ ಹೊಡೆಯಲಿಲ್ಲ. ಹೊಡೆದರೆ ಧೂಳಿನ ಪಿಗ್ಮೆಂಟ್ ಅರ್ಧಕ್ಕರ್ಧ ಮಾಯವಾಗುತ್ತದೆ. ಪಿಗ್ಮೆಂಟ್ ಹಾಕಿದ ಮೇಲೆ ಮುಟ್ಟದೆ ಇರುವುದೇ ಅದಕ್ಕೆ ಕ್ಲಿಯರ್ ಕೋಟ್.

ಎಡಗಡೆ ನಾಲ್ಕನೇ ಚಕ್ರದ ಹಿಂದೆ, ಟಾರ್ಚ್ ಹಾಕಿ ನೋಡಿದರೆ, ತೀರ್ಥಹಳ್ಳಿ ಇನ್ನೂ ಒಂಚೂರು ಉಳಿದಿದೆ.